ಮುಚ್ಚಳ ತೆಗೆಯುವ ಚಿಕ್ಕತಾತ

ಮಕ್ಕಳೇ, ನಿಮ್ಮ ಚಿಕ್ಕತಾತ ಕುರ್ಚಿಯ ಮೇಲೆ ಕೂತದ್ದನ್ನು ನಾನು ಈ ನಲವತ್ತು ವರ್ಷಗಳಲ್ಲಿ ಎರಡೇ ಸಲ ನೋಡಿದ್ದೇನೆ. ಮೊದಲನೆಯದು ಅವರ ಮದುವೆಯ ಆರತಕ್ಷತೆಯಲ್ಲಿ, ಅದೂ ಫೋಟೋದವನು ಗದರಿಸಿದ ಮೇಲೆ. ಎರಡನೆಯದನ್ನು ಕೊನೆಯಲ್ಲಿ ಹೇಳುತ್ತೇನೆ. ನಡುವೆ ಊಟ ಮಾಡಲಿಲ್ಲವೇ ಎಂದು ಕೇಳಬೇಡಿ. ಊಟ, ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತು. ಪೇಪರು, ಹಜಾರದಲ್ಲಿ ಓಡಾಡುತ್ತ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಹೇಗೆ ಕೆಲಸ ಮಾಡಿದರು ಎಂಬುದು ನನಗೂ ಗೊತ್ತಿಲ್ಲ.

ಇಂಥವರು ರಿಟೈರ್ ಆದ ಮೇಲೆ ಯಾವ ಹವ್ಯಾಸ ಹಿಡಿದರು ಗೊತ್ತೆ? ವೈನ್ ಮಾಡುವುದು. ದ್ರಾಕ್ಷಿ ಕಿವುಚಿ, ಸಕ್ಕರೆ, ಈಸ್ಟ್ ಹಾಕಿ ಭರಣಿಯಲ್ಲಿಟ್ಟು, ಸೋಸಿ, ಸೀಸೆಗೆ ತುಂಬಿ, ಆಮೇಲೆ ತಿಂಗಳುಗಟ್ಟಲೆ ಅದರ ತಂಟೆಗೆ ಹೋಗದೆ ಸುಮ್ಮನಿರಬೇಕು. ಸುಮ್ಮನಿರುವುದೇ ಮುಖ್ಯವಾದ ಕೆಲಸ ಎಲ್ಲಿದೆಯೋ ಅಲ್ಲಿಗೇ ಹುಡುಕಿಕೊಂಡು ಹೋದರು!

ಒಂದು ಸಂಘವನ್ನೂ ಕಟ್ಟಿದರು. ಸದಸ್ಯರು ನಾಲ್ಕೇ ಜನ. ಚಿಕ್ಕತಾತ ಅಧ್ಯಕ್ಷರು. ಜೆ.ಪಿ. ನಗರದ ನಿವೃತ್ತ ಕೆಮಿಸ್ಟ್ರಿ ಮೇಡಂ ಒಬ್ಬರು. ಬಿಟಿಎಂ ಬಡಾವಣೆಯಲ್ಲಿ ನಾಲ್ಕು ಮಹಡಿ ಬಾಡಿಗೆಗೆ ಕೊಟ್ಟಿರುವ ಗೌಡರು ಒಬ್ಬರು. ಸುಮ್ಮನಿರುವ ಕೆಲಸಕ್ಕೆ ನಿಮ್ಮ ತಾತ. ಭಾನುವಾರದ ಸಭೆ ಜಯನಗರದ ನಮ್ಮ ಮನೆಯಲ್ಲಿ. ನಾನು ಬೇಗೂರಿನ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ಕ್ಲಾಸು ಓದಿದವಳು. ಮನೆಯಲ್ಲಿ ಇಂಥದ್ದು ನಡೆಯುತ್ತಿದೆ ಎಂದು ಅಕ್ಕಪಕ್ಕದವರಿಗೆ ಯಾವ ಬಾಯಿಂದ ಹೇಳಲಿ? ಕೇಳಿದವರಿಗೆ ಭಜನೆ ಎಂದೆ. ಮುಂದಿನ ಭಾನುವಾರ ಇಬ್ಬರು ಹೆಂಗಸರು ತಾಳ ಹಿಡಿದುಕೊಂಡು ಬಂದರು.

ಚಿಕ್ಕತಾತನದು ಒಂದು ಪದ್ಧತಿ. ಸೀಸೆಯ ಮುಚ್ಚಳ ತೆಗೆದಾಗಲೆಲ್ಲ ಒಂದು ಚೀಟಿ ಬರೆದು ಅದಕ್ಕೆ ಅಂಟಿಸುತ್ತಾರೆ. 'ಬೆಳಿಗ್ಗೆ ಏಳು. ತೆಗೆದೆ. ಪರವಾಗಿಲ್ಲ.' 'ಏಳೂಕಾಲು. ತೆಗೆದೆ. ಸಕ್ಕರೆ ಸಾಲದು.' 'ಏಳೂವರೆ. ತೆಗೆದೆ. ಸಕ್ಕರೆ ಜಾಸ್ತಿಯಾಯಿತು.' ವಾರ ಕಳೆಯುವುದರೊಳಗೆ ಸೀಸೆ ಕಾಣದಷ್ಟು ಚೀಟಿ.

"ಸಾರ್, ತೆಗೆದಷ್ಟೂ ಒಳಗೆ ಗಾಳಿ ಹೋಗುತ್ತೆ. ಹುಳಿಯಾಗುತ್ತೆ" ಎಂದು ಮೇಡಂ ಹೇಳಿದರು.

"ಆಗಿದೆಯೋ ಇಲ್ವೋ ತೆಗೆದು ನೋಡದೆ ಹೇಗೆ ಗೊತ್ತಾಗುತ್ತೆ ಮೇಡಂ?"

ಪ್ರತಿಸಲವೂ ವಿನೆಗರ್ ಆಯಿತು. ಗೌಡರ ಹೆಂಡತಿ ಅದರಲ್ಲಿ ಈರುಳ್ಳಿ ನೆನೆಹಾಕಿದರು. ಮೇಡಂ ಅದರಿಂದ ಕಿಟಕಿ ಗಾಜು ಒರೆಸಿದರು.

ಒಂದು ಸಂಕ್ರಾಂತಿಯ ಚಳಿಯಲ್ಲಿ ಚಿಕ್ಕತಾತ, ಭರಣಿ ಬೆಚ್ಚಗಿರಲಿ ಎಂದು ನಿಮ್ಮಮ್ಮನ ಹಳೆಯ ಹೊದಿಕೆಯಲ್ಲಿ ಅದನ್ನು ಸುತ್ತಿ, ಮೇಡಂಗೆ ತೋರಿಸಲು ಆಟೋ ಹತ್ತಿದರು. ಜೊತೆಗೆ ನಾನೂ ಇದ್ದೆ.

"ಮಗು ಮಲ್ಗಿದ್ಯಾ ಸಾರ್? ಹಂಪ್ ಮೇಲೆ ನಿಧಾನಕ್ಕೆ ಹೋಗ್ತೀನಿ" ಎಂದ ಆಟೋದವನು.

"ಎಲ್ಲಿ ಮಲಗುತ್ತೆ? ಬೆಳಗಿಂದ ಒಳಗೆ ಗೊರಗೊರ ಅಂತಿದೆ."

"ಕಫ ಸಾರ್. ನೆಗ್ಲೆಕ್ಟ್ ಮಾಡ್ಬೇಡಿ." ಅವನು ನನ್ನ ಕಡೆ ತಿರುಗಿ, "ಅಜ್ಜಿ, ನೀವಾದ್ರೂ ಹೇಳ್ಬಾರ್ದಾ?" ಎಂದ.

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದೇನೆ ಎಂದುಕೊಂಡು ಅವನು ಇನ್ನೂ ನಿಧಾನವಾಗಿ ಓಡಿಸಿದ.

ಹೋದ ವರ್ಷ ನಿಮ್ಮ ತಾತನಿಗೂ ಛಲ ಬಂತು. ತಮ್ಮನನ್ನು ಹತ್ತಿರ ಬಿಡದೆ ತಾವೇ ವೈನ್ ಮಾಡಿ, ಶಿವರಾತ್ರಿಯ ದಿನ ದೊಡ್ಡ ಗಾಜಿನ ಸೀಸೆಗೆ ತುಂಬಿ, ಬಿರಡೆಗೆ ಮೇಣ ಸುರಿದು, ಮೇಲೆ ತಮ್ಮ ಪಂಚೆಯ ತುಂಡು ಕಟ್ಟಿ, 'ಒಂದು ವರ್ಷ ಮುಟ್ಟಕೂಡದು' ಎಂದು ಬರೆದು ಅಂಟಿಸಿದರು. ಆಷಾಢದಲ್ಲಿ ಅವರು ಹೋದರು. ಅವರ ಕೈಯಿಂದಾದ ಕೊನೆಯ ವಸ್ತು ಎಂದರೆ ಅಡುಗೆಮನೆಯ ಕಪಾಟಿನಲ್ಲಿದ್ದ ಆ ಸೀಸೆ. ಅದು ವಿನೆಗರ್ ಆಗಬಾರದು ಎನ್ನುವುದೊಂದೇ ನನ್ನ ಆಸೆ.

ಆದರೆ ಮನೆಗೆ ದಿನವೂ ಯಾರು ಬರುತ್ತಾರೆ? ಚಿಕ್ಕತಾತ.

"ಅತ್ತಿಗೆ, ಬಿರಡೆ ಸಡಿಲ ಆಗಿದ್ಯೋ ಏನೋ, ಒಂದೇ ನಿಮಿಷ ನೋಡ್ತೀನಿ."

"ಬಿಗಿಯಾಗಿದೆ."

"ಹೊರಗಿಂದ ನೋಡಿದ್ರೆ ಹಾಗನ್ಸುತ್ತೆ ಅತ್ತಿಗೆ."

ನಾನು ಅವರೆಕಾಯಿಯ ಮೊರ ಹಿಡಿದು ಕಪಾಟಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಅವರು ಎದುರಿಗೆ ಅತ್ತಿಂದಿತ್ತ, ಇತ್ತಿಂದತ್ತ. ಎಷ್ಟು ಅವರೆಕಾಯಿ ಸುಲಿದೆನೋ! ಬೀದಿಗೆಲ್ಲ ಹಿತಕಿದ ಬೇಳೆ ಹಂಚಿದೆ.

ವರ್ಷ ತುಂಬಲು ಮೂರು ವಾರ ಇತ್ತು. ನಿಮ್ಮಲ್ಲಿ ಚಿಕ್ಕವಳಿಗೆ ಮೈಮೇಲೆ ಸೀತಾಳೆ ಸಿಡುಬು ಎದ್ದು ನಾನು ಮೈಸೂರಿಗೆ ಬರಬೇಕಾಯಿತು. ತುಳಸಿಗೆ ನೀರು ಹಾಕಲು ಬೀಗದ ಕೈ ಯಾರಿಗೆ ಕೊಡಲಿ? ಬೇರೆ ಗತಿ ಇರಲಿಲ್ಲ. ಕೊಡುವಾಗ ಸೀಸೆಯ ಮಾತೆತ್ತಲು ನಾಲಿಗೆ ಬರಲಿಲ್ಲ. ಮೈದುನನ ಮೇಲೆ ನಂಬಿಕೆಯಿಲ್ಲ ಎಂದು ಹೇಗೆ ಹೇಳುವುದು? ನಿಮ್ಮ ಮನೆಯಲ್ಲಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. 'ಅಜ್ಜಿ ಯಾಕೆ ಚಿಕ್ಕತಾತನ ಥರ ಆಡ್ತಾರೆ?' ಎಂದು ನೀವು ನಿಮ್ಮಮ್ಮನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ದಿನವೂ ಫೋನು ಮಾಡಿ ತುಳಸಿಯನ್ನು ವಿಚಾರಿಸುತ್ತಿದ್ದೆ.

"ನೀರು ಹಾಕಿದ್ರಾ?"

"ಹಾಕ್ದೆ ಅತ್ತಿಗೆ."

"ಬೇರೇನೂ ಇಲ್ವಲ್ಲ?"

"ಬೇರೇನಿಲ್ಲ. ಇನ್ನೊಂದ್ ಚೂರು ನೀರು ಹಾಕ್ಲಾ?"

ಶಿವರಾತ್ರಿಯ ಹಿಂದಿನ ದಿನ ವಾಪಸು ಬಂದೆ. ಅಂಗಳದಲ್ಲಿ ತುಳಸಿ ಬೇರು ಕೊಳೆತು ಒರಗಿತ್ತು. ಒಳಗೆ ಹೋದರೆ ಫ್ಯಾನಿನ ರೆಕ್ಕೆಗಳು ಹೊಳೆಯುತ್ತಿವೆ. ಎರಡು ವರ್ಷದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿ ಸುಮ್ಮನಾಗಿದೆ. ಡಬ್ಬಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತಿವೆ. ಸಾಸಿವೆ ಡಬ್ಬ ನನಗೆ ಈಗಲೂ ಸಿಕ್ಕಿಲ್ಲ. ಇಷ್ಟೆಲ್ಲ ಮುಟ್ಟಿದವರು ಅದೊಂದನ್ನು ಬಿಟ್ಟಿರುತ್ತಾರೆಯೇ? ಕಪಾಟು ತೆಗೆದೆ.

ಮೇಣ ಹಾಗೇ ಇತ್ತು. ನಿಮ್ಮ ತಾತ ಹಾಕಿದ ಗಂಟು ಹಾಗೇ ಇತ್ತು. ಸೀಸೆಗೆ ಚೀಟಿ ಅಂಟಿಸಿದರೂ ಮುಟ್ಟಿದ ಹಾಗಾಗುತ್ತದಲ್ಲ, ಅದಕ್ಕೆ ಚಿಕ್ಕತಾತ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ್ದರು. ಮೇಲಿಂದ ಕೆಳಗಿನವರೆಗೆ.

'ಬೆಳಿಗ್ಗೆ ಏಳು. ನೋಡಿದೆ. ತೆಗೆಯಲಿಲ್ಲ. ತುಳಸಿಗೆ ನೀರು.'

'ಏಳೂವರೆ. ನೋಡಿದೆ. ತೆಗೆಯಲಿಲ್ಲ. ತುಳಸಿಗೆ ನೀರು.'

'ಎಂಟು. ತೆಗೆಯಲಿಲ್ಲ. ಫ್ಯಾನ್ ಒರೆಸಿದೆ.'

ನಾನು ಅಲ್ಲೇ ನಿಂತು ಒಂದೊಂದನ್ನೂ ಓದಿದೆ. ಅಷ್ಟರಲ್ಲಿ ಚಿಕ್ಕತಾತ ಬಂದರು. ತುಳಸಿಯ ವಿಷಯಕ್ಕೆ ಬೈಯುತ್ತೇನೆ ಎಂದುಕೊಂಡು ಬಾಗಿಲಲ್ಲೇ ನಿಂತರು.

"ನಾಳೆಗೆ ವರ್ಷ ಆಗುತ್ತೆ" ಎಂದೆ. "ನೀವೇ ತೆಗೀರಿ."

ಅವರು ಕೈ ಹಿಂದೆ ಕಟ್ಟಿಕೊಂಡರು. "ಅಣ್ಣ ಮುಟ್ಟಕೂಡದು ಅಂತ ಬರೆದಿದ್ದಾನಲ್ಲ ಅತ್ತಿಗೆ."

"ಒಂದು ವರ್ಷ ಅಂತ ಬರೆದಿದ್ದಾರೆ."

"ಅದು ನನ್ಗೆ ಕಾಣಿಸ್ಲಿಲ್ಲ" ಎಂದರು.

ಆಮೇಲೆ, ಮಕ್ಕಳೇ, ಚಿಕ್ಕತಾತ ಊಟದ ಮೇಜಿನ ಹತ್ತಿರದ ಕುರ್ಚಿ ಎಳೆದುಕೊಂಡು ಕೂತರು. ಅದು ನಿಮ್ಮ ತಾತ ಕೂರುತ್ತಿದ್ದ ಕುರ್ಚಿ. ನಾನು ಕಾಫಿಗೆ ಹಾಲಿಟ್ಟೆ, ಹಾಲು ಉಕ್ಕಿತು, ಲೋಟಕ್ಕೆ ಸೋಸಿದೆ. ಅವರು ಏಳಲಿಲ್ಲ. ಕಾಫಿ ಮುಗಿದ ಮೇಲೆ ಜೇಬಿನಿಂದ ಚೀಟಿ, ಪೆನ್ನು ತೆಗೆದು ಮೇಜಿನ ಮೇಲಿಟ್ಟು ಸುಮ್ಮನೆ ಅದನ್ನೇ ನೋಡುತ್ತಿದ್ದರು. ನಾನೇ ತೆಗೆದುಕೊಂಡು ನನ್ನ ದಪ್ಪಕ್ಷರದಲ್ಲಿ ಬರೆದು, ಕಪಾಟಿನ ಬಾಗಿಲಿಗೆ ಅಂಟಿಸಿ ಬಂದೆ.

'ನೋಡಿದೆವು. ತೆಗೆಯಲಿಲ್ಲ.'