ಅಳಿಯನಿಗೆ ಹರಳೆಣ್ಣೆ ಕುಡಿಸಿದ ಪೋರ್ಚುಗೀಸ್

ಪೋರ್ಚುಗೀಸ್ ಭಾಷೆ ಬಹಳ ಸುಲಭ. ಹಾಗೆಂದು ನಾನು ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ ಘೋಷಿಸಿಯೂ ಬಿಟ್ಟಿದ್ದೆ!

ಲಿಸ್ಬನ್ನಿನಲ್ಲಿ ನರ್ಸ್ ಆಗಿರುವ ನನ್ನ ತಂಗಿಯ ಮಗಳು ಸೌಮ್ಯ ಅಲ್ಲಿಯವನೇ ಆದ ರೂಯಿಯನ್ನು ಮದುವೆಯಾಗಿ, ಮೊದಲ ಸಲ ನಮ್ಮೂರಿಗೆ ಕರೆತಂದಿದ್ದಳು. ಅವಳು ತಾಯಿಯೊಡನೆ ಮೈಸೂರಿಗೆ ಸೀರೆ ತರಲು ಹೊರಟ ದಿನ ಹೊಸ ಅಳಿಯನ ಸಂಪೂರ್ಣ ಉಸ್ತುವಾರಿ ನನ್ನ ಹೆಗಲೇರಿತು. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಮೊಬೈಲಿನಲ್ಲಿ ನಮಸ್ಕಾರ, ಧನ್ಯವಾದ ಕಲಿಯುತ್ತಿದ್ದಾಗ ಹೆಂಡತಿ ಜಯಮ್ಮ ಬಂದಳು.

"ಒಳ್ಳೇದ ನಕ್ಕೊಂಡೇ ಹೇಳ್ಬೋದು ಕಣ್ರೀ. ಹೊಟ್ಟೆನೋವು, ಜ್ವರ, ಹಾವು, ಇಂತಾ ಕೆಟ್ಟದ್ಕೆಲ್ಲ ಏನಂತಾರೆ, ಅದ ಕಲ್ತ್ಕಳಿ."

ಸರಿಯೇ. ಅನಿಷ್ಟಗಳನ್ನು ಇಂಗ್ಲಿಷಿನಿಂದ ಪೋರ್ಚುಗೀಸಿಗೆ ದಾಟಿಸತೊಡಗಿದೆ. ಆಕ್ಸಿಡೆಂಟ್ ಅಂದರೆ ಅಸಿದೆಂತೆ. ಪ್ರಾಬ್ಲಮ್ ಅಂದರೆ ಪ್ರೊಬ್ಲೆಮ. ಗುಟ್ಟು ತಿಳಿದುಹೋಯಿತು: ಇಂಗ್ಲಿಷಿಗೊಂದು ಬಾಲ ಕಟ್ಟಿದರೆ ಪೋರ್ಚುಗೀಸ್! ಮೊಬೈಲ್ ಕೆಳಗಿಟ್ಟೆ.

ಅಳಿಯನಿಗೆ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸುವ ಮನೆ, ನಮ್ಮ ಬ್ಯಾರನ್ ತೋರಿಸುತ್ತಿದ್ದೆ. ಅವನು ನಾಲ್ಕೈದು ಸಲ ಸೀನಿ, ಸಪ್ಪೆ ಮುಖದಲ್ಲಿ "ಕಾನ್‌ಸ್ಟಿಪಾದೊ" ಎಂದ.

"ಕಾನ್‌ಸ್ಟಿಪೇಶನ್! ಪಾಪ, ನಿನ್ನೆ ತಿಂದ ಮುದ್ದೆ ಇನ್ನೂ ಅಲ್ಲೇ ಕೂತದೆ," ಎಂದು ಜಯಮ್ಮನಿಗೆ ವಿವರಿಸಿದೆ.

"ಮೂಗು ಸೋರ್ತಾ ಅದಲ್ರೀ?"

"ಅದು ಹೊಗೆಸೊಪ್ಪಿನ ಘಾಟು ಕಣೆ. ನಿಂಗೆ ಪೋರ್ಚುಗೀಸ್ ಬತ್ತದಾ?"

ಅರ್ಧ ಲೋಟ ಹರಳೆಣ್ಣೆ ಕೊಟ್ಟೆ. ಪುಣ್ಯಾತ್ಮ ಮರುಮಾತಿಲ್ಲದೆ ಕುಡಿದು, ಕೈ ಮುಗಿದ.

ಮಧ್ಯಾಹ್ನದ ಹೊತ್ತಿಗೆ ಅಳಿಯ ಹಿತ್ತಲಿನ ಕಕ್ಕಸಿನಲ್ಲೇ ಠಿಕಾಣಿ ಹೂಡಿದ. ನಾನು ಹೊರಗೆ ಕಾವಲು. ಒಳಗಿನಿಂದ ಅಂಜಿದ ದನಿ ಕೇಳಿತು: "ಕೋಬ್ರಾ?"

ಕಿಂಡಿಯಲ್ಲಿ ಇಣುಕಿದೆ. ಬಕೆಟ್ಟಿನ ಹಿಂದೆ ಒಂದು ಕೇರೆಹಾವು ಉದ್ದಕ್ಕೆ ಮಲಗಿತ್ತು. ನಾಗರವಲ್ಲ, ವಿಷವಿಲ್ಲ. ಸುಳ್ಳು ಹೇಳಿ ಹೆದರಿಸುವುದೇಕೆ? "ನೋ ಕೋಬ್ರಾ! ನೋ ಕೋಬ್ರಾ!" ಎಂದು ಧೈರ್ಯ ತುಂಬಿದೆ.

ಅವನು ನನ್ನ ಮಾತು ನಂಬಿದ. ನೀರಿನ ಪೈಪೆಂದುಕೊಂಡು ಅದನ್ನು ಹಿಡಿದೆಳೆದ!

ಮುಂದಿನ ಕ್ಷಣ ಬಾಗಿಲು ಧಡಾರನೆ ತೆರೆಯಿತು. ಟವೆಲ್ ಒಂದನ್ನೇ ನಂಬಿಕೊಂಡ ನಮ್ಮ ಅಳಿಯ, ಅಂಗಳದಲ್ಲಿ ಹೊಗೆಸೊಪ್ಪು ಕಟ್ಟುತ್ತಿದ್ದ ಹೆಂಗಸರ ನಡುವೆ ಓಡಿ ರಸ್ತೆ ಮುಟ್ಟಿದ. ಕೇರೆಹಾವು ಅವನಿಗಿಂತ ಹೆದರಿ ಬೇಲಿ ದಾಟಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ಮಾತ್ರ ಪಂಚೆ ಎತ್ತಿಕಟ್ಟಿ ಅವನ ಹಿಂದೆ ಓಡಿದೆ. ಹೆಚ್ಚುಕಮ್ಮಿಯಾಗಿದ್ದರೆ ಸೌಮ್ಯಳಿಗೆ ಏನು ಹೇಳುತ್ತಿದ್ದೆ?

ಸಂಜೆ ಸೌಮ್ಯ ಹಣೆ ಚಚ್ಚಿಕೊಂಡಳು. "ಅಯ್ಯೋ ಮಾವ, ಅವ್ರಲ್ಲಿ ಕಾನ್‌ಸ್ಟಿಪಾದೊ ಅಂದ್ರೆ ನೆಗಡಿ! ಕೋಬ್ರಾ ಅಂದ್ರೆ ಬರೀ ಹಾವು, ಯಾವ್ ಹಾವಾದ್ರೂ ಸರಿ!"

ನಾನು ತಲೆ ತಗ್ಗಿಸಿದೆ. ರೂಯಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಹೆಚ್ಚಾಗಿ ಮತ್ತೊಮ್ಮೆ ಹಿತ್ತಲಿಗೆ ಓಡಿದ.

ಅಂದಿನಿಂದ ಅವನು ಜಯಮ್ಮನ ಪಕ್ಕ ಕೂತು ಮೆಣಸಿನ ಸಾರು ಕುಡಿಯುತ್ತ ಕನ್ನಡ ಕಲಿತ. ಹೊರಡುವ ದಿನ ನನ್ನನ್ನು ಬಿಗಿಯಾಗಿ ತಬ್ಬಿಕೊಂಡು, ಒಂದೊಂದೇ ಪದ ಜೋಡಿಸಿ ಹೇಳಿದ: "ಮಾವ, ನಮ್ ಮನೆಗೆ ಬನ್ನಿ. ಮಾತಾಡ್ಬ್ಯಾಡಿ."

ಅವನ ಕನ್ನಡದಲ್ಲಿ ತಪ್ಪು ಹುಡುಕಿದೆ. ಒಂದೂ ಇರಲಿಲ್ಲ!