ರೊಟ್ಟಿ ಬಡಿಯದ ಸತ್ಯಾಗ್ರಹ

ಓದಿದವರನ್ನು ಕಟ್ಟಿಕೊಂಡರೆ ಒಂದು ಅನುಕೂಲವಿದೆ. ನಾವು ಯಾಕೆ ಅತ್ತೆವೆಂದು ಅವರೇ ಬಿಡಿಸಿ ಹೇಳುತ್ತಾರೆ. ಕಣ್ಣೊರೆಸಿಕೊಳ್ಳುವುದಷ್ಟೇ ನಮ್ಮ ಪಾಲಿಗೆ. ನಮ್ಮ ಮನೆಯವರು ಬಳ್ಳಾರಿಯಲ್ಲಿ ಕಾಲೇಜು ಮೇಷ್ಟರು. ಊರಿನ ಅರ್ಧ ಜನ ಚಳವಳಿ ಮಾಡಿ ಜೈಲಿಗೆ ಹೋದಾಗ ಇವರು ಮನೆಯಲ್ಲಿ ಕೂತು ಚಳವಳಿಯನ್ನು ಓದಿದರು. ಸ್ವಾತಂತ್ರ್ಯ ಬಂದ ಮೇಲೆ, ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದಾಗಲೇ, ಸತ್ಯಾಗ್ರಹ ಯಾವಾಗ ಗೆಲ್ಲುತ್ತದೆ, ಯಾವಾಗ ಸೋಲುತ್ತದೆ ಎಂದು ಡಾಕ್ಟರ್ ಪದವಿಗೆ ಥೀಸಿಸ್ ಬರೆಯಲು ಹಿಡಿದರು.

ಅದೇ ಹೊತ್ತಿಗೆ ನಮ್ಮ ಮಗಳು ಗಿರಿಜೆ ದೊಡ್ಡವಳಾದಳು. ಆರತಿ ಮುಗಿದದ್ದೇ ತಡ, ಇವರು ಅವಳನ್ನು ಶಾಲೆ ಬಿಡಿಸಿ ಸಿರುಗುಪ್ಪದಲ್ಲಿ ಗಂಡು ನೋಡಿದರು. ತವರು ಕುರುಗೋಡಿನಲ್ಲಿ ಅಪ್ಪ ನನ್ನನ್ನೂ ಹೀಗೇ ಬಿಡಿಸಿದ್ದರು. ಆ ಸಂಕಟ ನನಗೆ ಗೊತ್ತು. ಹೇಳಿ ಹೇಳಿ ಬಾಯಿ ಸೋತ ಮೇಲೆ, "ಅಕಿ ಸಾಲಿಗೆ ಹೋಗೋತನ ನಿಮಗ ರೊಟ್ಟಿ ಬಡಿಯಂಗಿಲ್ರಿ" ಎಂದುಬಿಟ್ಟೆ.

ಸಿಟ್ಟಾಗುತ್ತಾರೆಂದುಕೊಂಡರೆ ಇವರಿಗೆ ಖುಷಿಯೋ ಖುಷಿ. ಕಾಗದ, ಪೆನ್ನು ತಂದು ಅಡುಗೆಮನೆ ಬಾಗಿಲಲ್ಲಿ ಕೂತರು.

"ಈಗ ನಿನ್ನ ಮನಸಿನ್ಯಾಗ ಏನೈತಿ? ಸಿಟ್ಟೋ, ದುಃಖೋ?"

"ಸಿಟ್ಟು."

"ಹಂಗಾದ್ರ ಇದು ಸತ್ಯಾಗ್ರಹ ಅಲ್ಲ, ಬರೇ ಹಠ" ಎಂದು ಬರೆದುಕೊಂಡರು.

ಆದರೂ ನಾನು ಗೆಲ್ಲಬಹುದಿತ್ತು. ಇವರಿಗೆ ರೊಟ್ಟಿಯಿಲ್ಲದೆ ಊಟವಿಲ್ಲ. ಗಂಜಿ ಕಂಡರಂತೂ ಎದ್ದೇ ಹೋಗುವವರು. ತೊಡಕಾದದ್ದು ಅತ್ತೆಯಿಂದ. ಹಲ್ಲಿಲ್ಲದ ಅವರಿಗೆ ಬಿಸಿ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಡಬೇಕು. ಅಂದು ಅತ್ತೆ ತಮ್ಮೊಬ್ಬರಿಗೆಂದು ಬಡಿದ ರೊಟ್ಟಿಯನ್ನು ಹಾಲಿಗೆ ಹಾಕುವ ಮೊದಲೇ ಮಗನ ತಾಟಿಗೆ ದಾಟಿಸಿ, "ನನಗ ಹಸಿವಿಲ್ಲವಾ" ಎಂದು ಬರೀ ಹಾಲು ಕುಡಿದು ಮಲಗಿದರು. ಮುದುಕಿಯನ್ನು ಉಪವಾಸ ಕೆಡವಿ ನಾನು ಯಾವ ನರಕಕ್ಕೆ ಹೋಗಲಿ? ಮರುದಿನ ಅವರಿಗೆಂದು ಇನ್ನೊಂದು ಹೆಚ್ಚಿಗೆ ಬಡಿದೆ. ಅದೂ ದಾಟಿತು. ಆಮೇಲೆ ಮತ್ತೊಂದು. ವಾರ ಕಳೆಯುವುದರಲ್ಲಿ ರೊಟ್ಟಿ ಬುಟ್ಟಿ ಎಂದಿನಂತೆ ತುಂಬುತ್ತಿತ್ತು.

ಗಿರಿಜೆ ಮದುವೆಯಾಗಿ ಸಿರುಗುಪ್ಪಕ್ಕೆ ಹೋದಳು. ನಾನು 'ಶಿಸ್ತು ಸಾಲದೆ ಸೋತ ಚಳವಳಿ'ಗೆ ಉದಾಹರಣೆಯಾಗಿ ಥೀಸಿಸ್ ಸೇರಿದೆ. ಇವರು ಡಾಕ್ಟರರಾದರು; ಕಾಲೇಜಿನವರು ಹಾರ ಹಾಕಿದರು. ಆ ಹಾರ ನೋಡಿದಾಗ ನನಗಾದ ಉರಿಯನ್ನು ಯಾರೂ ಬರೆದುಕೊಳ್ಳಲಿಲ್ಲ.

ತವರಿಗೆ ಬಂದ ಗಿರಿಜೆ ಒಲೆಯ ಮುಂದೆ ಕೂತು, ಆಗ ಮನೆಯಲ್ಲೇ ಇದ್ದರೂ ಯಾರೂ ಅವಳಿಗೆ ಹೇಳದಿದ್ದ ಈ ಕತೆಯನ್ನೆಲ್ಲ ಕೇಳಿದಳು. "ಅಜ್ಜಿಗೆ ಗಂಜಿ ಕಾಸಿದ್ರ ಆಗ್ತಿತ್ತಲ್ಲವ್ವಾ. ಅಪ್ಪ ಮುಟ್ತಿದ್ದಿಲ್ಲ" ಎಂದಳು.

ಡಾಕ್ಟರರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಹೊಳೆದದ್ದು ಶಾಲೆ ಬಿಡಿಸಿದ ಹುಡುಗಿಗೆ. ಅವಳ ಮುಖ ನೋಡುತ್ತಾ ಕೂತವಳಿಗೆ ಹಂಚಿನ ಮೇಲಿನ ರೊಟ್ಟಿ ಸೀದದ್ದು ಗೊತ್ತಾಗಲಿಲ್ಲ. ಸೀದದ್ದನ್ನು ನಾನಿಟ್ಟುಕೊಂಡು, ಇವರ ತಾಟಿಗೆ ಮೆತ್ತಗಿನದನ್ನೇ ಹಾಕಿದೆ.