ಕೊಂಬು ಕಳೆದುಕೊಂಡ ಕಸೂತಿ

ಈ ಸಲದ ನಾಟಕದಲ್ಲಿ ಜನ ಮಹಾರಾಣಿಯ ಮುಖ ನೋಡುವುದನ್ನು ಬಿಟ್ಟು ನನ್ನ ಹೊಲಿಗೆ ನೋಡಬೇಕು, ಇಲ್ಲದಿದ್ದರೆ ಇನ್ನು ಸೂಜಿಯನ್ನೇ ಮುಟ್ಟುವುದಿಲ್ಲ ಎಂದು ನಾನು ಅಡುಗೆಮನೆಯ ನಟ್ಟನಡುವೆ ನಿಂತು ಘೋಷಿಸಿದೆ! ಸೌಟು ರಾಜದಂಡದ ಹಾಗೆ ಮೇಲೆದ್ದಿತ್ತು. ಕೇಳಿಸಿಕೊಂಡ ಏಕೈಕ ಪ್ರಜೆ, ಅಂದರೆ ನನ್ನ ಗಂಡ, "ಹಾಲು ಉಕ್ತಿದೆ ನೋಡೇ" ಎಂದರು.

ವಿಷಯ ಇಷ್ಟು. ನಮ್ಮ ಬೀದಿಯ ನಾಟಕ ಮಂಡಳಿ ಮುನ್ನೂರು ವರ್ಷದ ಹಿಂದಿನ ಒಬ್ಬ ವಿಲಾಯತಿ ಮಹಾರಾಣಿಯ ದುರಂತ ಕಥೆ ಆಡುವುದಿತ್ತು. ನಿರ್ದೇಶಕರು ಡ್ರಿಲ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದರೂ ಸೀಟಿಯಿಂದ ನಿವೃತ್ತರಾಗಿಲ್ಲ. ಮಹಾರಾಣಿ ನನ್ನ ನಾದಿನಿ. ಒಂದು ಮೀಸೆ ಮತ್ತು ಒಂದೇ ಒಂದು ಮಾತಿರುವ ಕಾವಲುಗಾರ ನನ್ನ ಗಂಡ. ರಾಣಿಯ ಕೆಂಪು ಮಖಮಲ್ಲಿನ ಗೌನು ಹೊಲಿಯುವ ಭಾಗ್ಯ ನನ್ನ ವಾರಗಿತ್ತಿಗೆ. ನನಗೆ?

"ನಿಮಗೆ ಒಳಲಂಗ" ಎಂದರು ಮೇಷ್ಟ್ರು.

"ಒಳಲಂಗಾನಾ? ಅದು ಯಾರಿಗೆ ಕಾಣುತ್ತೆ ಮೇಷ್ಟ್ರೇ?"

"ಯಾರಿಗೂ ಕಾಣಬಾರದು, ಅದಕ್ಕೇ ಅದನ್ನ ಒಳಲಂಗ ಅನ್ನೋದು! ಆದ್ರೂ ಚರಿತ್ರೆಗೆ ಮೋಸ ಆಗಬಾರದು. ಪೂರ್ತಿ ಕೈಹೊಲಿಗೆ. ಆ ಕಾಲದಲ್ಲಿ ಮೆಷೀನ್ ಇರಲಿಲ್ಲ, ಎಲಾಸ್ಟಿಕ್ ಇರಲಿಲ್ಲ. ಸೊಂಟಕ್ಕೆ ಲಾಡಿ, ಅಂಚಿಗೆ ಕಸೂತಿ. ಒಗೆಯೋಕೆ ಕೊಟ್ಟಾಗ ಅದಲುಬದಲಾಗದ ಹಾಗೆ ರಾಣಿ ಗುರುತನ್ನೂ ಕಸೂತೀಲೇ ಹಾಕಿ. ಕತ್ತರಿ ಟೀಚರ್ ಮುಖ್ಯ ಅತಿಥಿ. ಒಳ್ಳೇ ಉಡುಪಿಗೆ ಬೆಳ್ಳಿ ಕಪ್ ಕೊಡ್ತಾರಂತೆ!"

ಕತ್ತರಿ ಟೀಚರ್ ಎಂದರೆ ಹೊಲಿಗೆ ಶಾಲೆ ನಡೆಸುವ ಹಿರಿಯರು. ಅವರು ಮೆಚ್ಚಿದ ಹೊಲಿಗೆ ಇದುವರೆಗೆ ಅವರದೊಂದೇ. ಅಂಥವರ ಕೈಯಿಂದ ಕಪ್! ಅದು ಗೌನಿಗೆ ಹೋಗುವುದು ಖಂಡಿತ. ಕಾಣದ ಲಂಗಕ್ಕೆ ಯಾರು ಕೊಡುತ್ತಾರೆ?

ಮುಚ್ಚಿಡುವುದೇಕೆ, ನನಗೆ ಹೊಟ್ಟೆ ಉರಿಯಿತು. ನಿಗಿನಿಗಿ ಉರಿಯಿತು. ಈ ಮನೆಯ ದೊಡ್ಡ ಸೊಸೆ ನಾನು. ಆದರೆ ಆ ವಾರಗಿತ್ತಿ ಬಂದಂದಿನಿಂದ ಅವಳು ಹಾಕಿದ ಪರದೆ ಚೆಂದ, ಅವಳು ಮಡಿಸಿದ ಹಾಸಿಗೆ ಚೆಂದ. ನಮ್ಮ ಮಾವನವರಿಗೆ ಕಿವಿ ಮಂದ. ಆದರೂ ಅವಳು ಕೆಮ್ಮಿದರೆ ಕೇಳಿಸುತ್ತದೆ, ನಾನು ಕೂಗಿದರೂ ಕೇಳಿಸುವುದಿಲ್ಲ!

"ಅವಳಿಗೇನು ಎರಡು ಕೊಂಬಿದೆಯೇನ್ರೀ?" ಎಂದು ಗಂಡನನ್ನು ಕೇಳಿದೆ.

"ಕೊಂಬಿಲ್ಲ. ಟೇಪಿದೆ. ಅಳತೆ ಸರಿಯಾಗಿ ತಗೋತಾಳೆ."

ಉರಿಯುವುದಕ್ಕೆ ಎಣ್ಣೆ ಹೊಯ್ಯುವುದು ಹೇಗೆಂದು ಈ ಮನುಷ್ಯನಿಗೆ ಯಾರೂ ಕಲಿಸಬೇಕಾಗಿಲ್ಲ. ಇನ್ನೂ ಕಷ್ಟದ ಸಂಗತಿಯೆಂದರೆ ಆ ವಾರಗಿತ್ತಿ ಒಳ್ಳೆಯವಳು. ಜಗಳಕ್ಕೂ ಸಿಗುವುದಿಲ್ಲ! "ಅಕ್ಕಾ, ರಾಣಿ ಸೊಂಟದ ಅಳತೆ ನನ್ನ ಹತ್ರ ಇದೆ, ಕೊಡ್ಲಾ?" ಎಂದು ನಗುನಗುತ್ತ ಬಂದಳು.

"ಬೇಡಮ್ಮಾ, ನನ್ನ ಕಣ್ಣಳತೆ ಸಾಕು" ಎಂದೆ. ಅವಳ ಅಳತೆಯಲ್ಲಿ ನಾನು ಹೊಲಿಯುವುದೇ? ನಾದಿನಿ ಹಗಲೆಲ್ಲ ತಾಲೀಮಿನಲ್ಲಿರುತ್ತಿದ್ದಳು. ಹಾಗಾಗಿ ಟೇಪನ್ನು ನನ್ನ ಸೊಂಟಕ್ಕೇ ಸುತ್ತಿ ಬಟ್ಟೆ ಕತ್ತರಿಸಿದೆ. ಹೆಂಗಸರ ಸೊಂಟ ಎಂದಮೇಲೆ ಎಲ್ಲವೂ ಒಂದೇ ಎಂದು ಆ ಕ್ಷಣದಲ್ಲಿ ನನಗೆ ಪ್ರಾಮಾಣಿಕವಾಗಿ ಅನಿಸಿತ್ತು.

ಹೊಲಿದೆ ನೋಡಿ! ಅಂಚಿನ ಸುತ್ತ ಬಳ್ಳಿ, ಬಳ್ಳಿಗೆ ಎಲೆ, ಎಲೆಗೊಂದು ಮೊಗ್ಗು. ಬೆರಳ ತುದಿಗಳು ಜರಡಿಯಾದವು. ಮನೆಯಲ್ಲಿ ಸೂಜಿಯಿಲ್ಲದ ಕುರ್ಚಿಯೇ ಉಳಿಯಲಿಲ್ಲ. ಒಂದು ಸಂಜೆ ಗಂಡ ಕೂತವರು "ಅಯ್ಯೋ!" ಎಂದು ಚೀರಿದರು.

"ಅಲುಗಾಡ್ಬೇಡಿ! ಸಣ್ಣ ಸೂಜಿ, ಬಾಗಿಹೋಗುತ್ತೆ!" ಎಂದು ನಾನೂ ಚೀರಿದೆ.

ಕೊನೆಗೆ ಬಂತು ಗುರುತು. ರಾಣಿಯ ಗುರುತಂತೆ! ರಾಣಿಯೇನು ಬೆರಳು ಚುಚ್ಚಿಸಿಕೊಂಡಳೇ? ಮುಂಭಾಗದ ಅಂಚಿನಲ್ಲಿ, ಅಂಗೈಯಗಲದ ಅಕ್ಷರಗಳಲ್ಲಿ, ಕೆಂಪು ರೇಷ್ಮೆ ದಾರದ ಸರಪಳಿ ಹೊಲಿಗೆಯಿಂದ ಬರೆದೆ: ದೊಡ್ಡ ಸೊಸೆಯ ಕಸೂತಿ.

ಗಂಡ ಕನ್ನಡಕ ಏರಿಸಿದರು. "ಇದೇನೇ, ಅಂಗಡಿ ಬೋರ್ಡ್ ಬರೆದ ಹಾಗೆ ಬರ್ದಿದ್ದೀಯ? ಗೌನಿನ ಒಳಗೆ ಯಾರು ಓದ್ತಾರೆ?"

"ಓದೋ ಹಾಗೆ ಮಾಡ್ತೀನಿ."

ನಾದಿನಿಯನ್ನು ಹಿಡಿದೆ. ನಾಟಕದ ಕೊನೆಯಲ್ಲಿ ಮಹಾರಾಣಿ ಅರಮನೆಯಿಂದ ತಪ್ಪಿಸಿಕೊಂಡು ಓಡುತ್ತಾಳೆ, ಕಾವಲುಗಾರನಿಗೆ ಸಿಕ್ಕಿಬಿದ್ದು ಸಾಯುತ್ತಾಳೆ. "ಓಡುವಾಗ ಗೌನು ಎತ್ತಿ ಹಿಡ್ಕೋ ಪುಟ್ಟಿ, ಎಡವಿಬಿಟ್ಟೀಯ" ಎಂದೆ.

"ಎಷ್ಟು ಎತ್ಲಿ ಅತ್ತಿಗೆ?"

"ಅಕ್ಷರ... ಅಲ್ಲಲ್ಲ, ಮೊಣಕಾಲಿನ ತನಕ!"

ನಾಟಕದ ಸಂಜೆ ಮೇಕಪ್ ಕೋಣೆಯಲ್ಲಿ ಲಂಗ ತೊಡಿಸಿದೆ. ತೊಡಿಸಿದ ಲಂಗ ನೇರವಾಗಿ ನೆಲಕ್ಕಿಳಿಯಿತು. ಅದರಲ್ಲಿ ಇನ್ನೊಬ್ಬ ಮಹಾರಾಣಿಗೂ ಜಾಗವಿತ್ತು! ಲಾಡಿ ಬಿಗಿದರೆ ಬಟ್ಟೆಯೆಲ್ಲ ಸೊಂಟದಲ್ಲಿ ಮೂಟೆಯಾಗಿ ಗೌನಿನ ಹುಕ್ಕು ಕೂರುವುದಿಲ್ಲ. ಹೊರಗೆ ಮೇಷ್ಟ್ರ ಸೀಟಿ. ವಾರಗಿತ್ತಿ ಬಾಗಿಲಲ್ಲಿ ಇಣುಕಿ, "ಅಕ್ಕಾ, ಸಹಾಯ ಬೇಕಾ?" ಎಂದಳು. "ಏನೂ ಬೇಡ!" ಎಂದವಳೇ ಲಂಗವನ್ನು ಒಳಮೈ ಹೊರಗಾಗಿ ತಿರುವಿ, ಹೆಚ್ಚಾದ ಬಟ್ಟೆಯನ್ನು ಮುಂದುಗಡೆ ಎರಡು ಅಗಲ ನಿರಿಗೆ ಮಾಡಿ, ಸೊಂಟದಿಂದ ಅಂಚಿನವರೆಗೂ ದಡಬಡ ಕಚ್ಚಾ ಹೊಲಿಗೆ ಹಾಕಿ, ಮತ್ತೆ ತಿರುವಿ ತೊಡಿಸಿ, ಮೇಲೆ ಗೌನು ಮುಚ್ಚಿ ರಾಣಿಯನ್ನು ರಂಗಕ್ಕೆ ನೂಕಿದೆ.

ನಾಟಕ ಅಮೋಘವಾಗಿ ನಡೆಯಿತು. ಜನ ಕಣ್ಣೊರೆಸಿಕೊಂಡರು. ನಾನು ಮಾತ್ರ ಪರದೆಯ ಸಂದಿಯಲ್ಲಿ ನಿಂತು ಕೊನೆಯ ದೃಶ್ಯಕ್ಕಾಗಿ ಉಗುರು ಕಚ್ಚುತ್ತಿದ್ದೆ. ಬಂತು! ಮಹಾರಾಣಿ ಓಡಿ ಬಂದಳು. ಹೇಳಿದ್ದಕ್ಕಿಂತ ಚೆನ್ನಾಗಿ ಗೌನು ಎತ್ತಿ ಹಿಡಿದಿದ್ದಳು. ದೀಪವೆಲ್ಲ ನನ್ನ ಕಸೂತಿಯ ಮೇಲೆ! ನನ್ನ ಗಂಡ ಈಟಿ ಅಡ್ಡ ಹಿಡಿದು ತಮ್ಮ ಒಂದೇ ಮಾತನ್ನು ಗುಡುಗಿದರು:

"ನಿಲ್ಲಿ! ಅರಮನೆಯಿಂದ ಏನನ್ನು ಸಾಗಿಸುತ್ತಿದ್ದೀರಿ?"

ಮುಂದಿನ ಸಾಲಿನಲ್ಲಿದ್ದ ನಮ್ಮ ಮಾವನವರು ಕಣ್ಣು ಕಿರಿದು ಮಾಡಿ, ಕಿವಿ ಮಂದದವರ ತಾರಕ ಸ್ವರದಲ್ಲಿ ಕೂಡಿಸಿ ಓದಿದರು:

"ದೊ... ಡ್ಡ... ಕ... ಸ!"

ಸಭಾಂಗಣ ಬಿದ್ದು ಬಿದ್ದು ನಕ್ಕಿತು! ನಾನು ಬಗ್ಗಿ ನೋಡಿದೆ. ಮೊದಲ ನಿರಿಗೆ 'ಸೊಸೆಯ' ಎಂಬುದನ್ನು ನುಂಗಿತ್ತು. ಎರಡನೆಯದು 'ಸೂ' ಅಕ್ಷರದ ಕೊಂಬನ್ನೂ ಅದರ ಹಿಂದಿನ 'ತಿ'ಯನ್ನೂ ನುಂಗಿತ್ತು. ಅವಳಿಗೆ ಕೊಂಬಿದೆಯೇ ಎಂದು ಕೇಳಿದವಳ ಕೊಂಬೇ ಮಾಯ! ಕಾವಲುಗಾರನ ಅರ್ಧ ಮೀಸೆ ನಕ್ಕು ನಕ್ಕು ಉದುರಿತು. ಮಹಾರಾಣಿ ಸಾಯಬೇಕಾದ ಕಡೆ ಕಿಸಕ್ಕೆಂದಳು.

ಪರದೆ ಬಿದ್ದದ್ದೇ ತಡ, ಕತ್ತರಿ ಟೀಚರ್ ಮೇಕಪ್ ಕೋಣೆಗೆ ನುಗ್ಗಿದರು. ಮುಖ ಗಂಟಿಕ್ಕಿತ್ತು.

"ಆ ಒಳಲಂಗ ಹೊಲಿದವರು ಯಾರು?"

ನನ್ನ ಬೆರಳು ತಾನಾಗಿ ಎದ್ದು ವಾರಗಿತ್ತಿಯನ್ನು ತೋರಿಸಿತು. "ಇವಳು!"

ಅವಳು ಕಣ್ಣು ಪಿಳಿಪಿಳಿ ಮಾಡುತ್ತಿದ್ದಂತೆ ಟೀಚರ್ ಅವಳ ಕೈ ಹಿಡಿದು ವೇದಿಕೆಗೆ ಎಳೆದೊಯ್ದರು. ನಾನು ಹಿಂಬಾಗಿಲಿಂದ ಸೈಕಲ್ ಸ್ಟ್ಯಾಂಡಿಗೆ ಪಲಾಯನ ಮಾಡಿದೆ. ಸಭಾಂಗಣದ ಗೋಡೆ ದಪ್ಪ, ಒಳಗಿನ ಮಾತು ಕೇಳಿಸದು. ಬೈಗುಳವೇ ಇರಬೇಕು ಎಂದುಕೊಂಡು ಸ್ವಲ್ಪ ಹಾಯಾಯಿತು. ಅಷ್ಟರಲ್ಲಿ ಚಪ್ಪಾಳೆ! ಸಿಳ್ಳೆ! ಮತ್ತೆ ಚಪ್ಪಾಳೆ! ಆರುತ್ತಿದ್ದ ನನ್ನ ಹೊಟ್ಟೆ ಧಗ್ಗೆಂದು ಹೊತ್ತಿಕೊಂಡಿತು.

ಗಂಡ ಅರ್ಧ ಮೀಸೆಯಲ್ಲಿ ನನ್ನನ್ನು ಹುಡುಕಿಕೊಂಡು ಬಂದರು.

"ಯಾರಿಗ್ರೀ ಅಷ್ಟೊಂದು ಚಪ್ಪಾಳೆ?"

"ಒಳಲಂಗ ಹೊಲಿದೋರಿಗೆ. ಅಂಥ ಕೈಕೆಲಸ ಟೀಚರ್ ನೋಡೇ ಇಲ್ವಂತೆ. ಕಪ್ ಅದಕ್ಕೇ."

"ಕಪ್ಪಾ! ಅವಳಿಗಾ!" ನಾನು ಸೈಕಲ್ ಗಂಟೆಗಳು ಅದುರುವಂತೆ ಕೂಗಿದೆ. "ಏನು ಕಡಿದು ಕಟ್ಟೆ ಹಾಕಿದ್ದಾಳೆ ಅಂತ? ಅದೂ ಒಂದು ಹೊಲಿಗೇನಾ? ಎಡಗಡೆ ಬಳ್ಳಿ ಸೊಟ್ಟಗಿದೆ! ಎಲೆ ಒಂದಕ್ಕೊಂದು ಸರಿಯಿಲ್ಲ! ಲಾಡಿ ಹತ್ರ ಬಟ್ಟೆ ಸುಕ್ಕು! ತಿರುಗಿಸಿ ನೋಡಿದ್ರೆ ಬರೀ ದಾರದ ಗಂಟು! ಅಳತೆಯಂತೂ ದೇವರಿಗೇ ಪ್ರೀತಿ! ಅದಕ್ಕೆ ಕಪ್ ಕೊಟ್ಟೋರ ಕಣ್ಣಿಗೆ..."

"ಸಾಕು ಕಣೇ, ಸುಮ್ನಿರು..." ಗಂಡ ನನ್ನ ಬೆನ್ನ ಹಿಂದೆ ನೋಡುತ್ತ ತೊದಲಿದರು. "ನಿನ್ನ ವಾರಗಿತ್ತಿ ಮೈಕ್ ಹಿಡಿದು ನಿಜ ಹೇಳಿಬಿಟ್ಟಳು. 'ಇದು ನಮ್ಮಕ್ಕ ಹೊಲಿದದ್ದು, ಇಂಥ ಹೊಲಿಗೆ ನನ್ನ ಕೈಲಿ ಆಗಲ್ಲ' ಅಂದ್ಲು. ಚಪ್ಪಾಳೆ ನಿಂದೇ. ನೀನು ಒಳಗೆ ಇರಲಿಲ್ಲವಲ್ಲ, ಕಪ್ ಕೊಡೋಕೆ ಅವರೇ ಇಲ್ಲಿಗೆ..."

ತಿರುಗಿದೆ. ಕತ್ತರಿ ಟೀಚರ್ ಬೆಳ್ಳಿ ಕಪ್ ಹಿಡಿದು ನಿಂತಿದ್ದರು. ಪಕ್ಕದಲ್ಲಿ ವಾರಗಿತ್ತಿ.

"ಬಳ್ಳಿ ಸೊಟ್ಟಗಿದೆಯೇನಮ್ಮಾ? ನನ್ನ ಕಣ್ಣಿಗೆ ವಯಸ್ಸಾಯ್ತು, ಕಾಣಲಿಲ್ಲ" ಎಂದರು ಟೀಚರ್. "ಹೊಲಿದವರೇ ಇಷ್ಟು ಗಟ್ಟಿಯಾಗಿ ಹೇಳೋವಾಗ ನಾನು ಬೇರೆ ಹೇಳೋಕಾಗುತ್ತಾ?"

ಎಂದವರೇ ಕಪ್ಪನ್ನು ವಾರಗಿತ್ತಿಯ ಕೈಗಿಟ್ಟರು. "ಗೌನಿಗೆ."

ಅವಳು "ಅಕ್ಕಾ..." ಎಂದು ಅಳುಮುಖ ಮಾಡಿ ನನ್ನನ್ನೇ ನೋಡಿದಳು. ಸೈಕಲ್ ಸ್ಟ್ಯಾಂಡಿನಲ್ಲಿ ಬೇರೆ ಪ್ರೇಕ್ಷಕರಿರಲಿಲ್ಲ. ಗಂಡ ಎರಡೂ ಕೈಯಲ್ಲಿ ಈಟಿ ಹಿಡಿದುಕೊಂಡಿದ್ದರು. ಹೀಗಾಗಿ ಚಪ್ಪಾಳೆಯನ್ನೂ ನಾನೇ ತಟ್ಟಬೇಕಾಯಿತು!